ಹೆಸರಿಲ್ಲದ ಪೆಟ್ಟಿಗೆ: ವಿಡಿಯೋ ಗೇಮ್ ನಮ್ಮೂರಿಗೆ ಬಂದ ದಾರಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಹಳೆಯ ವಿದ್ಯಾರ್ಥಿ ಮಿತ್ರರು ಒತ್ತಾಯ ಮಾಡಿದರು. ಕೊಕ್ಕನೂರಿನ ಇತಿಹಾಸ, ದೇವಸ್ಥಾನದ ಮಹಿಮೆ, ಭದ್ರಾ ನಾಲೆಯ ನೀರು ಬಂದು ಈ ಭಾಗದ ಹೊಲಗಳು ಗದ್ದೆಗಳಾದ ಕಥೆ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಎಲೆಕ್ಟ್ರಾನಿಕ್ಸ್ ಕಲಿತು, ಹರಿಹರದಲ್ಲಿ ಟಿವಿ ರಿಪೇರಿ ಮಾಡಿಕೊಂಡು ಬಂದವನು. ನನಗೆ ಗೊತ್ತಿರುವುದು ನನ್ನ ಮೇಜಿನ ಮೇಲೆ ಬಂದುಹೋದ ಯಂತ್ರಗಳ ಇತಿಹಾಸ. ಅದರಲ್ಲಿ ಒಂದನ್ನು ಆರಿಸಿಕೊಂಡಿದ್ದೇನೆ. ಅದು ವಿಡಿಯೋ ಗೇಮ್.

ಆಟದ ಸಾಮಾನಿಗೂ ಇತಿಹಾಸವೇ ಎಂದು ಕೆಲವರು ನಗಬಹುದು. ಲಗೋರಿ, ಚಿನ್ನಿದಾಂಡು, ಚೌಕಾಬಾರಗಳನ್ನು ಮೊದಲು ಆಡಿದವರು ಯಾರೆಂದು ಯಾರೂ ಹೇಳಲಾರರು. ಅವು ಊರಿನಷ್ಟೇ ಹಳೆಯವು. ಆದರೆ ವಿಡಿಯೋ ಗೇಮ್ ಹುಟ್ಟಿ ಇನ್ನೂ ಒಂದು ಮನುಷ್ಯಾಯುಷ್ಯವೂ ಆಗಿಲ್ಲ. ಅದನ್ನು ಮಾಡಿದವರ ಹೆಸರು, ಊರು, ತಾರೀಖು ಎಲ್ಲವೂ ಲೋಕಕ್ಕೆ ಗೊತ್ತಿದೆ. ಹಾಗಿದ್ದೂ ಅದು ನಮ್ಮ ಕೈಗೆ ಬಂದಾಗ ಅದರ ಮೇಲೆ ಮಾಡಿದವರ ಹೆಸರು ಇರಲಿಲ್ಲ. ಆ ಹೆಸರುಗಳು ಎಲ್ಲಿ ಕಳೆದುಹೋದವು ಎಂಬುದೇ ಈ ಲೇಖನದ ವಿಷಯ.

ಮಾತನಾಡುವ ಟಿವಿ, ಕೇಳಿಸಿಕೊಳ್ಳದ ಟಿವಿ

ದೂರದರ್ಶನ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಶುರುವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1987ರ ಜನವರಿಯಿಂದ ಪ್ರತಿ ಭಾನುವಾರ ಬೆಳಗ್ಗೆ ರಾಮಾಯಣ ಪ್ರಸಾರವಾಗತೊಡಗಿದಾಗ, ಟಿವಿ ಇದ್ದ ಮನೆಯ ಪಡಸಾಲೆ ತುಂಬಿ ಜನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೀರಿ. ಟಿವಿ ಹೇಳಿದ್ದನ್ನು ನಾವು ಕೇಳುತ್ತಿದ್ದೆವು. ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತಿರಲಿಲ್ಲ.

ಇದೇ ಮಾತು ಅಮೆರಿಕದಲ್ಲಿ ಒಬ್ಬನ ತಲೆಯನ್ನು ಇಪ್ಪತ್ತು ವರ್ಷ ಮೊದಲೇ ಕೊರೆದಿತ್ತು. ಅವನ ಹೆಸರು ರಾಲ್ಫ್ ಬೇರ್. ಜರ್ಮನಿಯಲ್ಲಿ 1922ರಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಟ ತಾಳಲಾರದೆ 1938ರಲ್ಲಿ ಮನೆಯವರೊಂದಿಗೆ ಅಮೆರಿಕ ಸೇರಿದ. ಅಂಚೆ ಮೂಲಕ ಪಾಠ ಕಲಿತು ರೇಡಿಯೋ ರಿಪೇರಿಗಾರನಾದ. ಈ ಮಾತು ಬರೆಯುವಾಗ ನನ್ನಂಥವನಿಗೆ ಎಷ್ಟು ಹೆಮ್ಮೆಯಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಮುಂದೆ ಟೆಲಿವಿಷನ್ ಎಂಜಿನಿಯರಿಂಗ್ ಓದಿ, ಸೇನೆಗೆ ಎಲೆಕ್ಟ್ರಾನಿಕ್ಸ್ ಉಪಕರಣ ಮಾಡುವ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಕಂಪನಿ ಸೇರಿದ.

1966ರ ಆಗಸ್ಟ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವನಿಗೆ ಒಂದು ಯೋಚನೆ ಬಂತು. ಮನೆ ಮನೆಯಲ್ಲೂ ಟಿವಿ ಇದೆ, ಅದರಲ್ಲಿ ನೋಡುವುದೊಂದನ್ನು ಬಿಟ್ಟು ಆಡಲೂ ಏಕೆ ಬರಬಾರದು? ಮಾರನೆಯ ದಿನವೇ ನಾಲ್ಕು ಪುಟ ಬರೆದಿಟ್ಟ. ಇಬ್ಬರು ಸಹೋದ್ಯೋಗಿಗಳ ನೆರವಿನಿಂದ 1968ರ ಹೊತ್ತಿಗೆ ಒಂದು ಮಾದರಿ ಸಿದ್ಧವಾಯಿತು. ಮರದ ಬಣ್ಣದ ಅಂಟುಕಾಗದ ಸುತ್ತಿದ್ದರಿಂದ ಅದಕ್ಕೆ 'ಬ್ರೌನ್ ಬಾಕ್ಸ್' ಎಂದೇ ಹೆಸರಾಯಿತು. ಮ್ಯಾಗ್ನವಾಕ್ಸ್ ಎಂಬ ಟಿವಿ ಕಂಪನಿ ಅದನ್ನು 1972ರಲ್ಲಿ 'ಒಡಿಸ್ಸಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮನೆಯ ಟಿವಿಗೆ ಜೋಡಿಸಿ ಆಡುವ ಮೊದಲ ಯಂತ್ರ ಅದು.

ಅದರಲ್ಲಿ ಏನಿತ್ತು? ಪರದೆಯ ಮೇಲೆ ಕೆಲವು ಬಿಳಿ ಚುಕ್ಕೆ, ನಡುವೆ ಒಂದು ಗೆರೆ. ಶಬ್ದವಿಲ್ಲ, ಬಣ್ಣವಿಲ್ಲ. ಅಂಕಗಳನ್ನು ಆಡುವವರೇ ಕಾಗದದಲ್ಲಿ ಬರೆದುಕೊಳ್ಳಬೇಕು. ಮೈದಾನ ಬೇಕಾದರೆ ಬಣ್ಣದ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಬೇಕು. ಇಷ್ಟಾದರೂ ಮನುಷ್ಯ ಗುಂಡಿ ತಿರುಗಿಸಿದಂತೆ ಟಿವಿಯೊಳಗಿನ ಚುಕ್ಕೆ ಓಡಿತು. ಟಿವಿ ಮೊದಲ ಸಲ ಮನೆಯವರ ಮಾತು ಕೇಳಿತು.

ಚುಕ್ಕೆಯಿಂದ ಕ್ಯಾಸೆಟ್ಟಿಗೆ

ಅದೇ 1972ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಎಂಬಿಬ್ಬರು ಕ್ಯಾಲಿಫೋರ್ನಿಯಾದಲ್ಲಿ 'ಅಟಾರಿ' ಕಂಪನಿ ಕಟ್ಟಿದರು. ಅವರಲ್ಲಿ ಕೆಲಸಕ್ಕೆ ಸೇರಿದ ಅಲ್ ಆಲ್ಕಾರ್ನ್ ಎಂಬ ಯುವಕ 'ಪಾಂಗ್' ಎಂಬ ಟೇಬಲ್ ಟೆನಿಸ್ ಆಟದ ಯಂತ್ರ ಮಾಡಿದ. ಅದನ್ನು ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಹೋಗಿ ಬಿಚ್ಚಿ ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ನಿಂತುಹೋಗಿತ್ತು! ಇಂಥ ರಿಪೇರಿ ನನ್ನ ಅಂಗಡಿಗೆ ಒಂದೂ ಬರಲಿಲ್ಲ ಎಂಬುದು ಬೇರೆ ಮಾತು.

ಬುಶ್ನೆಲ್ ಆ ಮೊದಲು ಒಡಿಸ್ಸಿಯ ಪ್ರದರ್ಶನ ನೋಡಿ ಬಂದಿದ್ದ. ಮ್ಯಾಗ್ನವಾಕ್ಸ್ ಕೋರ್ಟಿಗೆ ಹೋಯಿತು. 1976ರಲ್ಲಿ ಅಟಾರಿ ಹಣ ಕೊಟ್ಟು ರಾಜಿಯಾಯಿತು. ಯಾರು ಮೊದಲು ಮಾಡಿದರು, ಯಾರ ಹೆಸರು ನಿಲ್ಲಬೇಕು ಎಂಬ ಜಗಳ ಈ ಉದ್ಯಮದ ತೊಟ್ಟಿಲಲ್ಲೇ ಹುಟ್ಟಿತ್ತು.

ಆ ಯಂತ್ರಗಳಿಗೆ ಒಂದು ಕೊರತೆಯಿತ್ತು. ಒಳಗೆ ಕಟ್ಟಿಕೊಟ್ಟ ಆಟವಷ್ಟೇ ಆಡಲು ಬರುತ್ತಿತ್ತು. ಬೇಸರ ಬಂದರೆ ಪೆಟ್ಟಿಗೆಯೇ ಮೂಲೆಗೆ. ಈ ಕೊರತೆಯನ್ನು ನೀಗಿಸಿದ್ದು 1976ರಲ್ಲಿ ಬಂದ ಫೇರ್‌ಚೈಲ್ಡ್ ಕಂಪನಿಯ 'ಚಾನೆಲ್ ಎಫ್'. ಅದನ್ನು ರೂಪಿಸಿದ ತಂಡದ ಮುಂದಾಳು ಜೆರ್ರಿ ಲಾಸನ್, ಕಪ್ಪು ಜನಾಂಗದ ಎಂಜಿನಿಯರ್. ಆ ಕ್ಷೇತ್ರದಲ್ಲಿ ಅವರಂಥವರು ಬೆರಳೆಣಿಕೆಯಷ್ಟೂ ಇಲ್ಲದಿದ್ದ ಕಾಲ ಅದು. ಆಟವನ್ನು ಒಂದು ಚಿಪ್ಪಿನಲ್ಲಿ ತುಂಬಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಿತ್ತಿಡುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಮೊದಲ ಯಂತ್ರ ಅದು. ನಾವು ಅದನ್ನು 'ಕ್ಯಾಸೆಟ್' ಎಂದು ಕರೆದೆವು. ಹಾಡಿನ ಕ್ಯಾಸೆಟ್ಟಿನಂತೆ ಒಳಗೆ ಟೇಪು ಇರುವುದಿಲ್ಲ. ಒಂದು ಹಸಿರು ಹಲಗೆ, ಅದರ ಅಂಚಿನಲ್ಲಿ ಸಾಲಾಗಿ ಲೋಹದ ಹಲ್ಲುಗಳು, ಅಷ್ಟೆ. ಆಟ ಬಾರದಿದ್ದಾಗ ನಾವೆಲ್ಲ ಅದರ ಬಾಯಿಗೆ 'ಉಫ್' ಎಂದು ಊದುತ್ತಿದ್ದೆವಲ್ಲ, ಊದಿದ್ದರಿಂದ ಅದು ಸರಿಯಾಗುತ್ತಿರಲಿಲ್ಲ. ಕಿತ್ತು ಮತ್ತೆ ಹಾಕಿದಾಗ ಹಲ್ಲುಗಳು ಸರಿಯಾಗಿ ಕೂತು ಆಟ ಬರುತ್ತಿತ್ತು. ಉಸಿರಿನ ತೇವಕ್ಕೆ ಹಲ್ಲು ಕಿಲುಬು ಹಿಡಿಯುವುದು ಮಾತ್ರ ನಿಜ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದ್ದರೆ ಸಾಕಾಗಿತ್ತು.

ಹೆಸರು ಬಚ್ಚಿಟ್ಟವನು

1977ರಲ್ಲಿ ಅಟಾರಿಯ ಕ್ಯಾಸೆಟ್ ಯಂತ್ರ ಬಂತು. ಮುಂದೆ ಅದು 'ಅಟಾರಿ 2600' ಎಂದು ಪ್ರಸಿದ್ಧವಾಯಿತು. ಅದರ ಕೆಲಸದ ನೆನಪಿನ ಶಕ್ತಿ ಬರೀ 128 ಬೈಟ್. ಇಂದಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಹಾಗಾಗಿ ಈಗ ನೀವು ಓದುತ್ತಿರುವ ಈ ಒಂದು ವಾಕ್ಯವೂ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಆಗಿನ ಹುಡುಗರು ಓಟ, ಯುದ್ಧ, ಬೇಟೆ ಎಲ್ಲವನ್ನೂ ಕಟ್ಟಿದರು.

ಆದರೆ ಕಂಪನಿ ಅವರ ಹೆಸರನ್ನು ಪೆಟ್ಟಿಗೆಯ ಮೇಲೂ ಹಾಕಲಿಲ್ಲ, ಪರದೆಯ ಮೇಲೂ ಹಾಕಲಿಲ್ಲ. ವಾರೆನ್ ರಾಬಿನೆಟ್ ಎಂಬುವನು 'ಅಡ್ವೆಂಚರ್' ಎಂಬ ಆಟ ಮಾಡುವಾಗ ಯಾರಿಗೂ ಹೇಳದೆ ಅದರೊಳಗೆ ಒಂದು ಗುಪ್ತ ಕೋಣೆ ಕಟ್ಟಿದ. ಕಣ್ಣಿಗೆ ಬೀಳದಂಥ ಒಂದು ಚುಕ್ಕೆಯನ್ನು ಹುಡುಕಿ ಎತ್ತಿಕೊಂಡು ಬಂದವರಿಗೆ ಮಾತ್ರ ಆ ಕೋಣೆಯ ದಾರಿ. ಒಳಗೆ ಹೋದರೆ ಗೋಡೆಯ ಮೇಲೆ ಇದನ್ನು ಮಾಡಿದವನು ವಾರೆನ್ ರಾಬಿನೆಟ್ ಎಂಬ ಅರ್ಥದ ಬರಹ. ಅವನು ಕೆಲಸ ಬಿಟ್ಟು ಹೋದ ಮೇಲೆ, 15 ವರ್ಷದ ಒಬ್ಬ ಹುಡುಗ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದಾಗಲೇ ಗುಟ್ಟು ರಟ್ಟಾಯಿತು. ನಮ್ಮ ಹಳೆಯ ದೇವಸ್ಥಾನಗಳಲ್ಲಿ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬೇಲೂರಿನ ಶಿಲ್ಪಿಗಳಿಗೆ ಆ ಮರ್ಯಾದೆ ಬಹಿರಂಗವಾಗಿ ಸಿಕ್ಕಿತ್ತು. ಈ ಹುಡುಗ ಕದ್ದು ಬರೆಯಬೇಕಾಯಿತು.

ಇದೇ ಅಸಮಾಧಾನದಿಂದ 1979ರಲ್ಲಿ ಅಟಾರಿಯ ನಾಲ್ವರು ಹೊರಬಂದು 'ಆಕ್ಟಿವಿಷನ್' ಎಂಬ ಕಂಪನಿ ಸೇರಿ ಕಟ್ಟಿದರು. ಆಟ ಮಾಡಿದವರ ಹೆಸರನ್ನು ಮುಂದಿಟ್ಟು ಮಾರಿದರು. 1982ರಲ್ಲಿ ಅಲ್ಲಿಂದ ಬಂದ 'ರಿವರ್ ರೈಡ್', ನದಿಯ ಮೇಲೆ ವಿಮಾನ ಹಾರಿಸುವ ಆಟ, ಬಹಳ ಹೆಸರು ಮಾಡಿತು. ಅದನ್ನು ಮಾಡಿದವಳು ಕ್ಯಾರಲ್ ಶಾ ಎಂಬ ಹೆಣ್ಣುಮಗಳು. ಇದನ್ನು ನಮ್ಮ ಶಾಲೆಯ ವಿದ್ಯಾರ್ಥಿನಿಯರು ನೆನಪಿಟ್ಟುಕೊಳ್ಳಲಿ.

ಸುರಿದ ಟೊಮೆಟೊ, ಹೂತ ಕ್ಯಾಸೆಟ್

ಬೆಲೆ ಬಂತೆಂದು ಎಲ್ಲರೂ ಟೊಮೆಟೊ ಹಾಕಿ, ಕೊನೆಗೆ ಕೊಳ್ಳುವವರಿಲ್ಲದೆ ರಸ್ತೆಗೆ ಸುರಿಯುವುದನ್ನು ನಾವು ಕಂಡಿದ್ದೇವೆ. 1983ರಲ್ಲಿ ಅಮೆರಿಕದಲ್ಲಿ ಆಟದ ಕ್ಯಾಸೆಟ್ಟಿಗೂ ಅದೇ ಗತಿಯಾಯಿತು. ಕಂಡಕಂಡವರು ಕಳಪೆ ಆಟ ಮಾಡಿ ಮಾರುಕಟ್ಟೆಗೆ ತುಂಬಿದರು. ಸ್ಪೀಲ್‌ಬರ್ಗನ 'ಇ.ಟಿ.' ಸಿನಿಮಾ ಆಧರಿಸಿದ ಆಟವನ್ನು ಹೋವರ್ಡ್ ಸ್ಕಾಟ್ ವಾರ್ಶಾ ಎಂಬುವನಿಂದ ಐದೇ ವಾರದಲ್ಲಿ ಮಾಡಿಸಿ, ಲಕ್ಷಗಟ್ಟಲೆ ಪ್ರತಿ ತೆಗೆದರು. ಮಾರಾಟವಾಗದೆ ಉಳಿದ ಸರಕನ್ನು ಅಟಾರಿ ನ್ಯೂ ಮೆಕ್ಸಿಕೊ ರಾಜ್ಯದ ಆಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. ಬಹಳ ಕಾಲ ಇದೊಂದು ಕಟ್ಟುಕಥೆ ಎಂದವರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಅಗೆದಾಗ ಕ್ಯಾಸೆಟ್‌ಗಳು ಸಿಕ್ಕವು.

ಅದೇ 1983ರ ಜುಲೈ 15ರಂದು ಜಪಾನಿನಲ್ಲಿ ಹೊಸ ಯಂತ್ರವೊಂದು ಬಂತು. ಮಾಡಿದ್ದು ನಿಂಟೆಂಡೊ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಶುರುವಾದ ಅಂಗಡಿ ಅದು. ಯಂತ್ರದ ಹೆಸರು 'ಫ್ಯಾಮಿಲಿ ಕಂಪ್ಯೂಟರ್', ಚಿಕ್ಕದಾಗಿ 'ಫ್ಯಾಮಿಕಾಮ್'. ಅದನ್ನು ರೂಪಿಸಿದ ಎಂಜಿನಿಯರ್ ಮಸಾಯುಕಿ ಉಎಮುರಾ. ಕೈಯಲ್ಲಿ ಹಿಡಿಯುವ ರಿಮೋಟಿನ ಎಡಗಡೆ ಇರುವ ಕೂಡಿಸುವ ಚಿಹ್ನೆಯಂಥ ಗುಂಡಿ ಗುನ್‌ಪೇ ಯೊಕೊಯ್ ಅವರ ಸೃಷ್ಟಿ. ದುಬಾರಿಯ ಹೊಸ ತಂತ್ರಜ್ಞಾನದ ಬೆನ್ನು ಹತ್ತದೆ, ಹಳೆಯದಾಗಿ ಅಗ್ಗವಾದ ಭಾಗಗಳಿಂದಲೇ ಹೊಸದನ್ನು ಮಾಡಬೇಕು ಎಂಬುದು ಅವರ ನಂಬಿಕೆ. 1985ರ ಸೆಪ್ಟೆಂಬರ್‌ನಲ್ಲಿ ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು 'ಸೂಪರ್ ಮಾರಿಯೊ ಬ್ರದರ್ಸ್' ಕೊಟ್ಟರು. ಎಂಟು ಲೋಕಗಳ ಆ ಇಡೀ ಆಟ 40 ಕಿಲೋಬೈಟ್ ಮಾತ್ರ. ಇವತ್ತು ಮೊಬೈಲಿಗೆ ಬರುವ ಒಂದು 'ಶುಭೋದಯ' ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಅವರು ಮಾಡಿದ ಉಪಾಯ ನೋಡಿ: ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ನಂಬದಿದ್ದರೆ ಈಗ ನೋಡಿ.

ನಮ್ಮೂರಿಗೆ ಬಂದದ್ದು

ನಮ್ಮ ಕಡೆ ವಿಡಿಯೋ ಗೇಮ್ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ. ದಾವಣಗೆರೆ, ಹರಿಹರ, ಮಲೇಬೆನ್ನೂರಿಗೆ ಹೋದಾಗ ಒಂದೊಂದು ಅಂಗಡಿಯಲ್ಲಿ ಎರಡು ಟಿವಿ ಇಟ್ಟು, ಅರ್ಧ ಗಂಟೆಗೆ ಇಷ್ಟು ಎಂದು ಆಡಿಸುತ್ತಿದ್ದರು. ಪೆಟ್ಟಿಗೆಗಳ ಮೇಲೆ 'ಸಮುರಾಯ್', 'ಲಿಟಲ್ ಮಾಸ್ಟರ್', 'ಟರ್ಮಿನೇಟರ್' ಮುಂತಾಗಿ ಬಗೆಬಗೆಯ ಹೆಸರು. ಆ ಹೊತ್ತಿಗೆ ಜಪಾನಿನಲ್ಲಿ 'ಪ್ಲೇಸ್ಟೇಷನ್' ಬಂದಾಗಿತ್ತು. ನಮ್ಮ ಕೈಗೆ ಸಿಕ್ಕಿದ್ದು ಹತ್ತು ವರ್ಷ ಹಿಂದಿನ ಫ್ಯಾಮಿಕಾಮಿನ ನಕಲು.

ಮುಂದೆ ರಿಪೇರಿಗೆ ಬಂದ ಇಂಥ ಪೆಟ್ಟಿಗೆಗಳನ್ನು ಎಷ್ಟೋ ಬಿಚ್ಚಿದ್ದೇನೆ. ಹೊರಗೆ ದೊಡ್ಡ ಡಬ್ಬಿ, ಒಳಗೆ ಅಂಗೈ ಅಗಲದ ಹಲಗೆ. ಅದರ ನಡುವೆ ಟಾರು ತೊಟ್ಟಿಕ್ಕಿದಂತೆ ಒಂದು ಕಪ್ಪು ಅಂಟಿನ ಗುಳ್ಳೆ. ಉಎಮುರಾ ಅವರ ಯಂತ್ರದಲ್ಲಿ ಹಲವು ಚಿಪ್ಪುಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಒಂದೇ ಚಿಪ್ಪಿಗೆ ತುಂಬಿ, ಅದರ ಮೇಲೆ ಅಂಟು ಸುರಿದಿದ್ದರು. ಸಾಮಾನ್ಯ ಚಿಪ್ಪಿನ ಮೇಲೆ ನಂಬರು, ಕಂಪನಿಯ ಗುರುತು ಇರುತ್ತದೆ. ಇದರ ಮೇಲೆ ಏನೂ ಇಲ್ಲ. ಕ್ಯಾಸೆಟ್ ಹಾಕಿದರೆ ಮಾರಿಯೊ ಬರುತ್ತಿದ್ದ. ಆದರೆ ಮೊದಲ ಪರದೆಯಲ್ಲಿ ಇರಬೇಕಾದ '1985 ನಿಂಟೆಂಡೊ' ಎಂಬ ಸಾಲನ್ನು ಎಷ್ಟೋ ಕ್ಯಾಸೆಟ್‌ಗಳಲ್ಲಿ ಅಳಿಸಿರುತ್ತಿದ್ದರು. '9999 ಆಟ' ಎಂದು ಬರೆದ ಕ್ಯಾಸೆಟ್ಟಿನಲ್ಲಿ ಇದ್ದದ್ದು ಕೆಲವೇ ಆಟ, ಅವನ್ನೇ ತಿರುಗಾಮುರುಗಾ ಪಟ್ಟಿ ಮಾಡಿದ್ದರು.

ಇದು ನಮಗೊಬ್ಬರಿಗೇ ಆದದ್ದಲ್ಲ. ರಷ್ಯಾದಲ್ಲಿ 1992ರಿಂದ ಮಾರಾಟವಾದ 'ಡೆಂಡಿ', ಪೋಲೆಂಡಿನ 'ಪೆಗಸಸ್' ಇವೂ ಫ್ಯಾಮಿಕಾಮಿನ ನಕಲುಗಳೇ. ನಕಲು ಮಾಡಿದ್ದು ಸರಿಯೇ? ಮಾಡಿದವರ ದುಡಿಮೆಯನ್ನು ಕೇಳದೆ ತೆಗೆದುಕೊಂಡದ್ದು ಕಳ್ಳತನವೇ. ಆದರೆ ಗದ್ದೆ ನಾಟಿಯ ಕೂಲಿಯಲ್ಲಿ ಬದುಕುವ ಮನೆಯ ಮಕ್ಕಳ ಕೈಗೆ ಅಸಲಿ ಯಂತ್ರ ಎಂದೂ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ನಾನು ಎರಡನ್ನೂ ಒಪ್ಪುತ್ತೇನೆ. ನಕಲು ನಮಗೆ ಆಟ ಕೊಟ್ಟಿತು, ಮಾಡಿದವರ ಪರಿಚಯವನ್ನು ಕಿತ್ತುಕೊಂಡಿತು.

ಒಂದು ಉದಾಹರಣೆ. 'ಕಾಂಟ್ರಾ' ಆಟದಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ 30 ಜೀವ ಸಿಗುತ್ತದೆ ಎಂಬುದು ನಮ್ಮ ತರಗತಿಯಲ್ಲಿ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಈ ಮಂತ್ರದ ಋಷಿ ಯಾರು? ಕಜುಹಿಸಾ ಹಾಶಿಮೊಟೊ ಎಂಬ ಜಪಾನಿ. 'ಗ್ರೇಡಿಯಸ್' ಎಂಬ ಆಟವನ್ನು ಪರೀಕ್ಷಿಸುವಾಗ ಅದು ತನಗೇ ಕಷ್ಟವಾಯಿತೆಂದು ಈ ಸುಲಭದ ದಾರಿ ಇಟ್ಟುಕೊಂಡಿದ್ದರು. ಅದು ಆಟದಲ್ಲೇ ಉಳಿದುಹೋಯಿತು. ಅವರು 2020ರಲ್ಲಿ ತೀರಿಕೊಂಡಾಗಲೇ ಅವರ ಹೆಸರನ್ನು ನಾನು ಮೊದಲು ಓದಿದ್ದು.

ಜಾತ್ರೆಗಳಲ್ಲಿ ಬಳೆ, ಪೀಪಿಗಳ ಜತೆ ಮಾರುತ್ತಿದ್ದ ಕೈಯಳತೆಯ 'ಬ್ರಿಕ್ ಗೇಮ್' ನೆನಪಿದೆಯೇ? ಇಟ್ಟಿಗೆ ಮೇಲಿಂದ ಬೀಳುವ ಆ ಆಟ 'ಟೆಟ್ರಿಸ್'. 1984ರಲ್ಲಿ ಮಾಸ್ಕೋದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಲೆಕ್ಸಿ ಪಜಿಟ್ನೋವ್ ಅದನ್ನು ಮಾಡಿದ. ಜಗತ್ತೆಲ್ಲ ಆಡಿದರೂ ಅವನಿಗೆ ಅದರ ಗೌರವಧನ ಸಿಗತೊಡಗಿದ್ದು 1996ರಿಂದ.

ಬಂದೂಕಿನ ಗುಟ್ಟು

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಮಾತು. ಆ ಪೆಟ್ಟಿಗೆಯ ಜತೆ ಒಂದು ಪ್ಲಾಸ್ಟಿಕ್ ಬಂದೂಕು ಬರುತ್ತಿತ್ತು. ಪರದೆಯಲ್ಲಿ ಹಾರುವ ಬಾತುಕೋಳಿಗೆ ಗುರಿಯಿಟ್ಟು ಹೊಡೆಯಬೇಕು. ಬಂದೂಕಿನಿಂದ ಏನೋ ಕಿರಣ ಹೊರಟು ಟಿವಿಗೆ ಬಡಿಯುತ್ತದೆ, ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತದೆ ಎಂದು ಹಿರಿಯರು ಹೆದರುತ್ತಿದ್ದರು. ನಡೆಯುತ್ತಿದ್ದುದು ಇದಕ್ಕೆ ತಿರುಗುಮುರುಗು. ಬಂದೂಕಿನೊಳಗೆ ಬೆಳಕನ್ನು ಗುರುತಿಸುವ ಒಂದು ಭಾಗವಿದೆ. ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಬೆಳಕು ಕಂಡರೆ ಗುರಿ ಸರಿ, ಕತ್ತಲೆ ಕಂಡರೆ ತಪ್ಪು. ಗುಂಡು ಹೊಡೆಯುತ್ತಿದ್ದುದು ಟಿವಿ, ನೋಡುತ್ತಿದ್ದುದು ಬಂದೂಕು! ಹಳೆಯ ಪಿಕ್ಚರ್ ಟ್ಯೂಬಿನ ವೇಗವನ್ನು ನಂಬಿ ಮಾಡಿದ್ದರಿಂದ ಇಂದಿನ ಚಪ್ಪಟೆ ಟಿವಿಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

ಎಂಟನೆಯ ಲೋಕ

ಆ ಅಂಗಡಿಗಳಲ್ಲಿ ನಾನು ಒಬ್ಬ ಹುಡುಗಿಯನ್ನೂ ಕಾಣಲಿಲ್ಲ. ಹೆಣ್ಣುಮಕ್ಕಳು ಹೋಗುವ ಜಾಗವಲ್ಲ ಎಂಬುದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ನಿಯಮ. ಒಂದು ದಸರಾ ರಜೆಯಲ್ಲಿ ನಾವು ನಾಲ್ಕು ಮನೆಯ ಹುಡುಗರು ದುಡ್ಡು ಕೂಡಿಸಿ, ಒಂದು ದಿನದ ಬಾಡಿಗೆಗೆ ಪೆಟ್ಟಿಗೆ ತಂದು ನಮ್ಮ ಮನೆಯ ಕಪ್ಪು ಬಿಳುಪು ಟಿವಿಗೆ ಜೋಡಿಸಿದೆವು. ನಾವು ಊಟಕ್ಕೆ ಎದ್ದಾಗ ನನ್ನ ತಂಗಿ ರಿಮೋಟ್ ಹಿಡಿದಳು. ಮೊದಲ ದಿನವೇ ಅವಳ ಕೈ ನಮ್ಮೆಲ್ಲರಿಗಿಂತ ಚುರುಕಾಗಿತ್ತು. ಸಂಜೆಯ ಹೊತ್ತಿಗೆ ಮಾರಿಯೊನನ್ನು ಎಂಟನೆಯ ಲೋಕಕ್ಕೆ ಮುಟ್ಟಿಸಿದಳು. ಓಣಿಯ ಹುಡುಗರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾಗ ಕರೆಂಟ್ ಹೋಯಿತು. ಆ ಆಟದಲ್ಲಿ ಎಲ್ಲಿಗೆ ಬಂದೆವೆಂದು ಉಳಿಸಿಡುವ ವ್ಯವಸ್ಥೆ ಇಲ್ಲ. ಕರೆಂಟ್ ಬಂದಾಗ ಮತ್ತೆ ಒಂದನೆಯ ಲೋಕ, ಮತ್ತು ಅವಳಿಗೆ ಹಿತ್ತಿಲಲ್ಲಿ ಕೆಲಸ. ಆ ಪೆಟ್ಟಿಗೆಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ನಮ್ಮ ಓಣಿಯಲ್ಲಿ ಎಂಟನೆಯ ಲೋಕ ಕಂಡವರಲ್ಲಿ ಅವಳೇ ಮೊದಲಿಗಳು. ಈ ಲೇಖನದಲ್ಲಿ ಅವಳ ಹೆಸರು ಹಾಕಲೇ ಎಂದು ಫೋನಿನಲ್ಲಿ ಕೇಳಿದೆ. 'ಬೇಡಣ್ಣ, ಮೊಮ್ಮಕ್ಕಳು ನಗ್ತಾವೆ' ಎಂದಳು. ಇರಲಿ. ಈ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರಿದೆ.

ಈಗ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರು 'ಧ್ರುವ ಇಂಟರಾಕ್ಟಿವ್' ಎಂಬ ಗೇಮ್ ಕಂಪನಿ ಶುರು ಮಾಡಿದರು. ದೇಶದ ಮೊದಲ ಸಾಲಿನ ಗೇಮ್ ಕಂಪನಿಗಳಲ್ಲಿ ಅದೂ ಒಂದು. ಇಂದು ಜಗತ್ತಿನ ದೊಡ್ಡ ಆಟಗಳ ಚಿತ್ರ, ಬಣ್ಣ, ಲೆಕ್ಕಾಚಾರಗಳಲ್ಲಿ ಕನ್ನಡದ ಹುಡುಗ ಹುಡುಗಿಯರ ಕೈಕೆಲಸವಿದೆ. ನಮ್ಮ ಶಾಲೆಯ ಮಕ್ಕಳೂ ಅಲ್ಲಿಗೆ ಹೋಗಬಲ್ಲರು. ಕೈಗೆ ಬಂದ ಮೊಬೈಲಿನಲ್ಲಿ ಆಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವಿರಲಿ: ಇದನ್ನು ಮಾಡಿದವರು ಯಾರು, ಹೇಗೆ ಮಾಡಿದರು? ಈ ಪ್ರಶ್ನೆ ಕೇಳಿದವನು ಬರೀ ಆಡುವವನಾಗಿ ಉಳಿಯುವುದಿಲ್ಲ.

ಕೊನೆಯದಾಗಿ ಸಂಪಾದಕ ಮಂಡಳಿಗೆ ಒಂದು ವಿನಂತಿ. ಈ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯರ ಪಟ್ಟಿ, ದಾನಿಗಳ ಪಟ್ಟಿ ಇದ್ದೇ ಇರುತ್ತದೆ, ಇರಲೇಬೇಕು. ಅವುಗಳ ಜತೆಗೆ ಗೋಡೆ ಕಟ್ಟಿದ ಗಾರೆಯವರು, ಗಂಟೆ ಬಾರಿಸಿದ ಸಿಪಾಯಿಗಳು, ಬಿಸಿಯೂಟ ಬೇಯಿಸಿದ ತಾಯಂದಿರು, ಓದು ಅರ್ಧಕ್ಕೇ ನಿಲ್ಲಿಸಿ ನಾಟಿಗೆ ಹೋದ ಹೆಣ್ಣುಮಕ್ಕಳು, ಇವರ ಹೆಸರುಗಳಿಗೂ ಎರಡು ಪುಟ ಮೀಸಲಿಡಿ. ಹಿರಿಯರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಐವತ್ತು ವರ್ಷ ನಡೆದ ಈ ಪೆಟ್ಟಿಗೆಯ ಮೇಲೆ ಅದನ್ನು ಮಾಡಿದವರ ಹೆಸರು ಇರಲಿ.